ಫ್ಯಾನ್ ಇಲ್ಲದ ಓವನ್ ಕಳಿಸಿದ್ದೀರಿ, ಬದಲಿಸಿಕೊಡಿ

ಸರ್ವಿಸ್ ವಿಭಾಗದವರಿಗೆ, ತೀರ್ಥಹಳ್ಳಿಯಿಂದ ನಮಸ್ಕಾರ.

ಏಪ್ರಿಲ್‌ನಲ್ಲಿ ನಿಮ್ಮಿಂದ ಒಂದು ಲ್ಯಾಬ್ ಓವನ್ ತಗೊಂಡೆವು. ನಮ್ಮದು ಚಿಕ್ಕ ಲ್ಯಾಬ್, ಅಡಿಕೆ ತೋಟದವರು ತರುವ ಮಣ್ಣು, ಎಲೆ ಪರೀಕ್ಷೆ ಮಾಡಿಕೊಡುತ್ತೇವೆ. ಮಣ್ಣಿನ ತೇವಾಂಶ ನೋಡೋಕೆ 105 ಡಿಗ್ರಿಯಲ್ಲಿ 24 ಗಂಟೆ, ಎಲೆ ಒಣಗಿಸೋಕೆ 65ರಿಂದ 70 ಡಿಗ್ರಿ, ಒಳಗೆ ಫ್ಯಾನ್ ಇರಲೇಬೇಕು ಅಂತ ನಿಮ್ಮ ಸೇಲ್ಸ್‌ನವರಿಗೆ ಫೋನಲ್ಲೇ ಬಿಡಿಸಿ ಹೇಳಿದ್ದೆ. ಅವರು ಮಾತ್ರ "250 ಡಿಗ್ರಿವರೆಗೂ ಹೋಗುತ್ತೆ ಸಾರ್" ಅಂತ ಮೂರು ಸಲ ಹೇಳಿದರು. ನಮಗೆ 250 ಯಾಕೆ? ಕೊಟೇಶನ್‌ನಲ್ಲಿ "ಫ್ಯಾನ್ ಸಹಿತ" ಅಂತ ಇದೆ. ಬಂದಿರುವ ಓವನ್‌ನಲ್ಲಿ ಫ್ಯಾನೇ ಇಲ್ಲ.

ಮೊದಮೊದಲು ಗಾಜಿನ ಸಾಮಾನು ಒಣಗಿಸುತ್ತಿದ್ದುದರಿಂದ ಗೊತ್ತಾಗಲಿಲ್ಲ, ತಪ್ಪು ನಮ್ಮದೂ ಸ್ವಲ್ಪ ಇದೆ. ಜೂನ್‌ನಲ್ಲಿ ಒಂದೇ ತೋಟದ, ಚೆನ್ನಾಗಿ ಕಲಸಿದ ಒಂದೇ ಮಣ್ಣನ್ನು 50 ಗ್ರಾಂ ಹಾಗೆ ಎರಡು ಡಬ್ಬಿಗೆ ಹಾಕಿ, ಒಂದನ್ನು ಮೇಲಿನ ತಟ್ಟೆಯಲ್ಲಿ ಒಂದನ್ನು ಕೆಳಗಿನ ತಟ್ಟೆಯಲ್ಲಿ ಇಟ್ಟೆವು. ಮರುದಿನ ಮೇಲಿನದು 39.4 ಗ್ರಾಂ, ಕೆಳಗಿನದು 40.6. ಅಂದರೆ ಒಣಗಿದ ಮಣ್ಣಿನ ತೂಕಕ್ಕೆ ಲೆಕ್ಕ ಹಾಕಿದರೆ ತೇವಾಂಶ ಒಂದರಲ್ಲಿ ಸುಮಾರು ಶೇಕಡಾ 27, ಇನ್ನೊಂದರಲ್ಲಿ 23. ರೈತರಿಗೆ ಯಾವುದನ್ನು ಬರೆದುಕೊಡಲಿ ಹೇಳಿ. ಬೇರೆ ಥರ್ಮಾಮೀಟರ್ ಇಟ್ಟು ನೋಡಿದರೆ ಡಿಸ್‌ಪ್ಲೇ 105 ಅನ್ನುವಾಗ ಮೇಲೆ 118, ಕೆಳಗೆ 91. ಬಿಸಿ ಗಾಳಿ ಮೇಲೇರಿ ಅಲ್ಲೇ ಕೂರುತ್ತದೆ, ತಿರುಗಿಸೋಕೆ ಏನೂ ಇಲ್ಲ. ಸೆನ್ಸರ್ ಇರೋದು ನಡುವೆ, ಅದು ತನ್ನ ಪಕ್ಕದ ಬಿಸಿಯನ್ನಷ್ಟೇ ಹೇಳುತ್ತದೆ. 70ಕ್ಕೆ ಇಟ್ಟ ಎಲೆಗಳಂತೂ ಮೇಲಿನ ತಟ್ಟೆಯಲ್ಲಿ ಕಂದಿ ಹೋದವು, ಅವುಗಳನ್ನು ಎಸೆದೆವು.

ಇನ್ನೊಂದು, ಓವನ್ನಿನ ತಲೆಯ ಮೇಲಿನ ಗಾಳಿಕಿಂಡಿಯ ಮುಚ್ಚಳ ಬಣ್ಣ ಅಂಟಿ ತಿರುಗುತ್ತಲೇ ಇರಲಿಲ್ಲ. ಹಸಿ ಮಣ್ಣಿನ ಆವಿ ಎಲ್ಲಿಂದ ಹೋಗಬೇಕು? ಇಕ್ಕಳದಲ್ಲಿ ಹಿಡಿದು ನಾವೇ ಬಿಡಿಸಿದೆವು.

ದೂರು ಕೊಟ್ಟು 20 ದಿನ ಆದ ಮೇಲೆ ಬಂದ ನಿಮ್ಮ ಹುಡುಗ ಬಾಗಿಲ ರಬ್ಬರ್ ಒತ್ತಿ ನೋಡಿ, "ಮಲೆನಾಡಲ್ಲಿ ಮಳೆ ಜಾಸ್ತಿ ಅಲ್ವಾ, ಅದಕ್ಕೇ" ಅಂದ. ಹೌದಪ್ಪ, ಆಗುಂಬೆ ಪಕ್ಕದಲ್ಲೇ ಇದೆ, ಮಳೆ ಬರುತ್ತೆ. ಪಕ್ಕದ ಮನೆಯವರ ಅಡಿಕೆ ಡ್ರೈಯರ್ ಕಟ್ಟಿಗೆ ಬೆಂಕಿಯಲ್ಲಿ ಓಡುತ್ತೆ, ಅದಕ್ಕೂ ಬ್ಲೋವರ್ ಇದೆ, ಅದೇ ಮಳೆಯಲ್ಲಿ ಅಡಿಕೆ ಒಣಗುತ್ತಿದೆ.

ಪಾರ್ಟ್ ಬದಲಿಸಿದರೆ ಸರಿಹೋಗುವಂಥದ್ದಲ್ಲ ಇದು. 15 ದಿನದೊಳಗೆ ಫ್ಯಾನ್ ಇರುವ ಓವನ್ ಕೊಡಿ, ಇಲ್ಲವಾದರೆ ಹಣ ವಾಪಸ್ ಮಾಡಿ, ಸಾಗಾಟದ ಖರ್ಚು ನಿಮ್ಮದೇ. ಹೊಸದನ್ನು ಕೂರಿಸುವಾಗ ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಉಷ್ಣತೆ ಅಳೆದು ಕಾಗದದಲ್ಲಿ ಬರೆದುಕೊಡಬೇಕು. ಕೊಟೇಶನ್, ಬಿಲ್, ಥರ್ಮಾಮೀಟರ್ ಫೋಟೋ ಇದರ ಜೊತೆ ಇವೆ.

ಲ್ಯಾಬ್ ಮಹಡಿಯ ಮೇಲಿದೆ, ಮೆಟ್ಟಿಲು ಕಿರಿದು. ಓವನ್ ಇಳಿಸೋಕೆ ಇಬ್ಬರನ್ನು ಕಳಿಸಿ, ಒಬ್ಬರ ಕೈಯಲ್ಲಿ ಆಗಲ್ಲ.