ನಾಳೆ ಇಲ್ಲದ ಪಂದ್ಯ

ಪ್ರಿಯ ಓದುಗರೆ,

2019ರ ವಿಶ್ವಕಪ್ ಸೆಮಿಫೈನಲ್ ನಿಮಗೂ ನೆನಪಿರಬೇಕು. ಲೀಗ್ ಹಂತದಲ್ಲಿ ಭಾರತ ಸೋತದ್ದು ಒಂದೇ ಪಂದ್ಯ. 15 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿತ್ತು. ನ್ಯೂಜಿಲೆಂಡ್ ತನ್ನ ಕೊನೆಯ ಮೂರು ಲೀಗ್ ಪಂದ್ಯಗಳನ್ನು ಸೋತು, ಪಾಕಿಸ್ತಾನದಷ್ಟೇ 11 ಅಂಕ ಪಡೆದು, ನೆಟ್ ರನ್‌ರೇಟ್ ಬಲದಿಂದ ನಾಲ್ಕನೆಯ ಸ್ಥಾನಕ್ಕೆ ನುಸುಳಿತ್ತು. ಸೆಮಿಫೈನಲ್‌ನಲ್ಲಿ ಇವೆರಡೂ ಎದುರುಬದುರಾದವು. ಭಾರತಕ್ಕೆ ಗುರಿ 240. ಆ ಟೂರ್ನಿಯಲ್ಲಿ ಐದು ಶತಕ ಬಾರಿಸಿದ್ದ ರೋಹಿತ್ 1, ಕೊಹ್ಲಿ 1, ರಾಹುಲ್ 1. ನಾಲ್ಕನೆಯ ಓವರಿನ ಮೊದಲ ಎಸೆತಕ್ಕೆ ಮೂವರೂ ಔಟ್.

ಜಡೇಜ 77 ರನ್ ಹೊಡೆದು ಸತ್ತ ಪಂದ್ಯಕ್ಕೆ ಜೀವ ತುಂಬಿದರು. 49ನೆಯ ಓವರಿನಲ್ಲಿ ಧೋನಿ ಎರಡನೆಯ ರನ್ನಿಗೆ ತಿರುಗಿದರು. ನ್ಯೂಜಿಲೆಂಡಿನ ಗಪ್ಟಿಲ್ ಓಡಿಬಂದು ಎಸೆದ ಚೆಂಡು ನೇರವಾಗಿ ಸ್ಟಂಪಿಗೆ ಬಡಿಯಿತು. ಬ್ಯಾಟು ಗೆರೆ ಮುಟ್ಟಲು ಇನ್ನೂ ಇಂಚುಗಳಷ್ಟು ದೂರವಿತ್ತು. ಉಳಿದದ್ದು 9 ಎಸೆತ, ಬೇಕಾದದ್ದು 24 ರನ್. 18 ರನ್ನಿನಿಂದ ಸೋತೆವು. ಆರು ವಾರದ ಪಟ್ಟಿ ಒಂದು ಥ್ರೋಗೆ ಅಳಿಸಿಹೋಯಿತು. ಆ ನೋವು ನನಗೆ ಇನ್ನೂ ಇದೆ. ಆದರೂ ಒಂದು ಸಲ ಸೋತರೆ ಹೊರಗೆ ಎನ್ನುವ ನಾಕೌಟ್ ಪದ್ಧತಿಯ ಪರವಾಗಿಯೇ ಈ ಸಲ ಬರೆಯುತ್ತಿದ್ದೇನೆ.

ಲೆಕ್ಕ ಸರಳ. ಪ್ರಬಲರ ಎದುರು ನಾಲ್ಕರಲ್ಲಿ ಒಂದು ಸಲ ಮಾತ್ರ ಗೆಲ್ಲಬಲ್ಲ ತಂಡವೊಂದಿದೆ ಎಂದುಕೊಳ್ಳಿ. ಒಂದೇ ಪಂದ್ಯವಾದರೆ ಅದರ ಅವಕಾಶ ಶೇ. 25. ಮೂರು ಪಂದ್ಯಗಳ ಸರಣಿಯಾದರೆ ಸುಮಾರು 16ಕ್ಕೆ ಇಳಿಯುತ್ತದೆ, ಏಳು ಪಂದ್ಯಗಳದ್ದಾದರೆ 7ಕ್ಕೆ. ಆಟ ಲಂಬಿಸಿದಷ್ಟೂ ಬಲ ಮೇಲೆ ಬರುತ್ತದೆ, ಅದೃಷ್ಟ ಸವೆಯುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ: 64 ತಂಡಗಳ ನಾಕೌಟ್‌ನಲ್ಲಿ ಕಪ್ ಎತ್ತಲು ಸತತ ಆರು ಗೆಲುವು ಬೇಕು. ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ಶೇ. 90 ಇರುವ ತಂಡಕ್ಕೂ ಆರನ್ನೂ ಗೆಲ್ಲುವ ಸಾಧ್ಯತೆ ಶೇ. 53 ಅಷ್ಟೆ. ಅಂಥ ದೈತ್ಯರೇ ಹೆಚ್ಚುಕಡಿಮೆ ಎರಡು ಸಲಕ್ಕೊಮ್ಮೆ ಎಡವುತ್ತಾರೆ!

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಇದಕ್ಕೆ ಒಳ್ಳೆಯ ಕನ್ನಡಿ. 1985ರಲ್ಲಿ ಪುರುಷರ ಟೂರ್ನಿ 64 ತಂಡಗಳಿಗೆ ಹಿಗ್ಗಿದಾಗಿನಿಂದ 16ನೆಯ ಸೀಡ್ (ಪ್ರತಿ ಗುಂಪಿನ ತಂಡಗಳಿಗೆ ಬಲದ ಪ್ರಕಾರ 1ರಿಂದ 16ರವರೆಗೆ ಕೊಡುವ ಶ್ರೇಯಾಂಕ) ತಂಡಗಳು ಮೊದಲ ಸೀಡ್ ತಂಡಗಳನ್ನು 135 ಸಲ ಎದುರಿಸಿ 135 ಸಲವೂ ಸೋತಿದ್ದವು. 2018ರ ಮಾರ್ಚ್ 16ರಂದು ಯುಎಂಬಿಸಿ ಎಂಬ ಮೇರಿಲ್ಯಾಂಡಿನ ಕಾಲೇಜು, ಇಡೀ ಟೂರ್ನಿಯಲ್ಲೇ ಅಗ್ರ ಸೀಡ್ ಆಗಿದ್ದ ವರ್ಜಿನಿಯಾವನ್ನು ಎದುರಿಸಿತು. ಅರ್ಧ ಆಟ ಮುಗಿದಾಗ 21–21. ಮುಗಿದ ಮೇಲೆ ಸ್ಕೋರು 74–54. ಕೂದಲೆಳೆಯ ಗೆಲುವಲ್ಲ, ಇಪ್ಪತ್ತು ಪಾಯಿಂಟುಗಳದ್ದು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ. ವರ್ಜಿನಿಯಾ ನಿಧಾನದ ಆಟಕ್ಕೆ ಹೆಸರುವಾಸಿ: ಚೆಂಡು ಹಿಡಿದು ಕಾಯುವುದು, ರಕ್ಷಣೆಯಿಂದ ಎದುರಾಳಿಯನ್ನು ಬಳಲಿಸುವುದು. ಹೀಗಾಡಿದರೆ ಬುಟ್ಟಿಗೆ ಎಸೆಯುವ ಸರದಿಗಳು ಎರಡೂ ಕಡೆ ಕಡಿಮೆಯಾಗುತ್ತವೆ. ಸರದಿ ಕಡಿಮೆಯಾಯಿತೆಂದರೆ ಪಂದ್ಯವೇ ಮೊಟಕಾದಂತೆ, ಬಲ ತೋರಿಸಲು ಸಿಗುವ ಅವಕಾಶವೂ ಮೊಟಕಾದಂತೆ. ವರ್ಷಪೂರ್ತಿ ಗೆಲ್ಲಿಸಿದ ಅದೇ ಗುಣ ಆ ಸಂಜೆ ಎದುರಾಳಿಯ ಕೈಹಿಡಿಯಿತು. ದೂರದಿಂದ ಎಸೆದ ಮೂರು ಪಾಯಿಂಟಿನ ಹೊಡೆತಗಳು ಒಂದರ ಹಿಂದೊಂದು ಬೀಳತೊಡಗಿದಾಗ ಮರುದಿನ ಕೂತು ವಿಡಿಯೊ ನೋಡಿ ಉತ್ತರ ಹುಡುಕೋಣ ಎನ್ನಲು ಕೋಚ್‌ಗೆ ಮರುದಿನವೇ ಇರಲಿಲ್ಲ. ಸರಣಿಯಾಗಿದ್ದರೆ ಅದು ಬರೀ ಒಂದು ಕೆಟ್ಟ ರಾತ್ರಿ.

ಇದು ಅನ್ಯಾಯ, ನಿಜವಾದ ಬಲಶಾಲಿ ಗೆಲ್ಲಬೇಕು ಎನ್ನುವವರ ಮಾತು ಸುಳ್ಳಲ್ಲ. ಯಾರು ಬಲಶಾಲಿ ಎಂದು ತಿಳಿಯಲು ಲೀಗೇ ಸರಿಯಾದ ತಕ್ಕಡಿ. ಆ ತಕ್ಕಡಿ ಇಲ್ಲದೆ ನಾಕೌಟ್‌ಗೂ ರುಚಿಯಿಲ್ಲ. 135 ಸೋಲುಗಳ ಗುಡ್ಡೆ ಹಿಂದೆ ಇದ್ದದ್ದರಿಂದಲೇ 136ನೆಯ ಪಂದ್ಯದ ಗೆಲುವು ಅಷ್ಟು ಎತ್ತರವಾಗಿ ಕಂಡಿತು. ಆದರೆ ನಾಕೌಟ್ ಕೇಳುವ ಪ್ರಶ್ನೆ ಬೇರೆ: ಇವತ್ತು, ಈಗ, ನಿನ್ನ ಕೈಲಿ ಏನಾಗುತ್ತದೆ? ಈ ಪ್ರಶ್ನೆಯ ಮುಂದೆ ಇಬ್ಬರೂ ಸೊನ್ನೆಯಿಂದಲೇ ಶುರುಮಾಡುತ್ತಾರೆ. ಹೆಸರಿಲ್ಲದ ತಂಡದ ಹುಡುಗನಿಗೆ ಇಷ್ಟು ಸಮನಾದ ಜಾಗ ಬೇರೆಲ್ಲಿ ಸಿಗುತ್ತದೆ ಹೇಳಿ.

ವರ್ಜಿನಿಯಾದ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮರುವರ್ಷ ಮತ್ತೆ ಮೊದಲ ಸೀಡ್, ಮತ್ತೆ ಮೊದಲ ಪಂದ್ಯದಲ್ಲಿ 16ನೆಯ ಸೀಡ್ ಎದುರಾಳಿ. ಗಾರ್ಡ್ನರ್-ವೆಬ್ ಎಂಬ ಆ ತಂಡ ಮೊದಲಾರ್ಧದಲ್ಲಿ 14 ಪಾಯಿಂಟ್ ಮುಂದೆ ಹೋಯಿತು. ಹಿಂದಿನ ವರ್ಷದ ಸೋಲನ್ನು ಉಂಡ ಹುಡುಗರು ಅಂಗಳದಲ್ಲಿದ್ದರು, ಈ ಸಲವೂ ಅವರಿಗೆ ನಾಳೆ ಇರಲಿಲ್ಲ. ನಿಧಾನವಾಗಿ ಅಂತರ ಕರಗಿಸಿ 71–56ರಿಂದ ಗೆದ್ದರು. ಮೂರು ವಾರದೊಳಗೆ ಫೈನಲ್‌ನಲ್ಲಿ ಹೆಚ್ಚುವರಿ ಸಮಯದವರೆಗೂ ಹೋರಾಡಿ, ಟೆಕ್ಸಾಸ್ ಟೆಕ್ ತಂಡವನ್ನು 85–77ರಿಂದ ಮಣಿಸಿ ಅದೇ ಹುಡುಗರು ಕಪ್ ಎತ್ತಿದರು.