ಕೆಮ್ಮು ಅಂದ ತಕ್ಷಣ ಆಂಟಿಬಯೋಟಿಕ್ ಯಾಕೆ, ಬೆರಳು ಚುಚ್ಚಿ ನೋಡ್ಬೋದಲ್ಲ

ಮಾನ್ಯ ಸಂಪಾದಕರೇ,

ನಾನು ಮಂಡ್ಯ ಜಿಲ್ಲೆಯ ಒಂದು ಹೋಬಳಿ ಊರಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡಿರೋನು. ಮಂಜು ಬೀಳೋಕೆ ಶುರು ಆಯ್ತು ಅಂದ್ರೆ ಬೆಳಿಗ್ಗೆ ಷಟರ್ ಎತ್ತೋಕೆ ಮೊದ್ಲೇ ಮೂರ್ನಾಲ್ಕು ಜನ ಕೆಮ್ಕೊಂಡು ಜಗಲಿ ಮೇಲೆ ಕೂತಿರ್ತಾರೆ, ಒಬ್ರು ಆಲೆಮನೇಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕ್ತಿದ್ದೋರು, ಇನ್ನೊಬ್ರು ಬೀಡಿ ಬಿಡೋಕಾಗದೇ ಇರೋರು, ಮಿಕ್ಕೋರು ಸೌದೆ ಒಲೆ ಊದಿ ಊದಿ ಸವೆದ ಹೆಂಗಸ್ರು. ಕೈಯಲ್ಲಿ ಚೀಟಿ ಇರಲ್ಲ, ಹಳೇ ಸ್ಟ್ರಿಪ್ ಇರುತ್ತೆ. "ಅದೇ ಮೂರು ಮಾತ್ರೆದು ಕೊಡಣ್ಣ, ಹೋದ್ಸಲ ಅದ್ರಲ್ಲೇ ಕಮ್ಮಿ ಆಗಿದ್ದು." ಕೊಟ್ಟಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಲೆವೊಫ್ಲಾಕ್ಸಾಸಿನ್, ಸೆಫಿಕ್ಸಿಮ್ ಥರದ ಆಂಟಿಬಯೋಟಿಕ್ 2014ರಿಂದ ಎಚ್1 ಅನ್ನೋ ಕಟ್ಟುನಿಟ್ಟಿನ ಪಟ್ಟೀಲಿದೆ, ರಿಜಿಸ್ಟರ್‌ನಲ್ಲಿ ರೋಗಿ ಹೆಸರು ಡಾಕ್ಟ್ರ ಹೆಸರು ಬರ್ದು ಮೂರು ವರ್ಷ ಇಡ್ಬೇಕು, ಅದಕ್ಕೆ ಕೈ ಹಿಂದೆ ಹೋಗುತ್ತೆ. ಆ ಮೂರು ಮಾತ್ರೆದು ಅಂದ್ರೆ ಅಜಿತ್ರೊಮೈಸಿನ್, ಅದಕ್ಕೂ ಚೀಟಿ ಬೇಕೇ ಬೇಕು, ಸ್ಟ್ರಿಪ್ ಮೇಲೆ ಕೆಂಪು ಗೆರೆನೂ ಇದೆ, ಆದ್ರೆ ಆ ಗೆರೆ ನೋಡಿ ಬೇಡ ಅಂದ ಗಿರಾಕಿನ ನಾನಂತೂ ಕಂಡಿಲ್ಲ.

ನಮ್ಮವ್ವಂಗೂ ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ವರ್ಷಗಟ್ಲೆ ಕೆಮ್ಮು ದಮ್ಮು ಬಿಡದ ಕಾಯಿಲೆ. ಬೀಡಿ ಮುಟ್ಟಿದೋಳಲ್ಲ. ಮೈಸೂರಿನ ಜೆಎಸ್‌ಎಸ್ ಡಾಕ್ಟ್ರುಗಳು ಮೈಸೂರು ಜಿಲ್ಲೆ ಹಳ್ಳಿ ಹೆಂಗಸ್ರನ್ನ ನೋಡಿ ಒಂದು ಲೆಕ್ಕ ಕೊಟ್ಟಿದ್ದಾರೆ, ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ, ಅದನ್ನ ಎಷ್ಟು ವರ್ಷ ಅನ್ನೋದ್ರಿಂದ ಗುಣಿಸಿ, 60 ದಾಟಿದ್ರೆ ದೀರ್ಘಕಾಲದ ಕಫದ ಕಾಯಿಲೆ ಅಪಾಯ ಶುರು. ನಮ್ಮವ್ವ ಮೂರು ಗಂಟೆ ನಲವತ್ತು ವರ್ಷ, ನೀವೇ ಗುಣಿಸಿ. ದಮ್ಮು ಜಾಸ್ತಿ ಆದಾಗಲೆಲ್ಲ ಕರ್ಕೊಂಡೋಗ್ತೀನಿ, ಚೀಟಿ ತುಂಬ ಬರೀತಾರೆ, ಅದ್ರಲ್ಲಿ ಆಂಟಿಬಯೋಟಿಕ್ ಇದ್ದೇ ಇರುತ್ತೆ. ಒಂದ್ಸಲ ಕೇಳೇಬಿಟ್ಟೆ, ಸಾರ್ ಇದು ಬೇಕಾ ಅಂತ. "ಬ್ಯಾಕ್ಟೀರಿಯಾನೋ ವೈರಸ್ಸೋ ಬರೀ ಹೊಗೆನೋ ಸ್ಟೆತಸ್ಕೋಪಲ್ಲಿ ಗೊತ್ತಾಗುತ್ತೇನ್ರೀ, ಬರೀಲಿಲ್ಲ ಅಂದ್ರೆ ನೀವೇ ಬೇರೆ ಡಾಕ್ಟ್ರ ಹತ್ರ ಹೋಗ್ತೀರ" ಅಂದ್ರು. ಅವ್ರದ್ದೂ ಸರಿನೇ.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಇದೇ ಪ್ರಶ್ನೆಗೆ ಒಂದು ದಾರಿ ಹುಡುಕಿದ್ರು, 2019ರಲ್ಲಿ ಪ್ರಕಟ ಆಯ್ತು. 86 ಕ್ಲಿನಿಕ್, ಸಿಒಪಿಡಿ ಉಲ್ಬಣ ಆಗಿ ಬಂದ 653 ಜನ. ಅರ್ಧ ಜನಕ್ಕೆ ಮಾಮೂಲಿ ತಪಾಸಣೆ, ಇನ್ನರ್ಧಕ್ಕೆ ಅದರ ಜೊತೆ ಸಕ್ಕರೆ ನೋಡೋ ಥರ ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಸಿಆರ್‌ಪಿ, ಅಂದ್ರೆ ಮೈಯಲ್ಲಿ ಸೋಂಕು, ಉರಿಯೂತ ಇದ್ರೆ ಏರೋ ಒಂದು ಪ್ರೋಟೀನ್, ಎಷ್ಟಿದೆ ಅಂತ ನೋಡೋದು, ಡಾಕ್ಟ್ರ ಟೇಬಲ್ ಮೇಲೇ ಕೆಲವೇ ನಿಮಿಷದಲ್ಲಿ. 20ಕ್ಕಿಂತ ಕಮ್ಮಿ ಇದ್ರೆ ಆಂಟಿಬಯೋಟಿಕ್‌ನಿಂದ ಉಪಯೋಗ ಆಗೋದು ಅನುಮಾನ, 40 ದಾಟಿದ್ರೆ ಬೇಕಾಗ್ಬೋದು, ನಡುವೆ ಇದ್ರೆ ಕಫ ಕೀವಿನ ಥರ ಇದೆಯಾ ನೋಡಿ ತೀರ್ಮಾನ. ನಾಲ್ಕು ವಾರದಲ್ಲಿ ಆಂಟಿಬಯೋಟಿಕ್ ತಗೊಂಡೋರು ಮಾಮೂಲಿ ಗುಂಪಲ್ಲಿ ನೂರಕ್ಕೆ 77, ಟೆಸ್ಟ್ ಆದೋರಲ್ಲಿ 57. ಕಮ್ಮಿ ತಗೊಂಡ್ರು ಅಂತ ಆ ಗುಂಪಿನ ಆರೋಗ್ಯ ಕೆಟ್ಟಿದ್ದು ಕಾಣಲಿಲ್ಲ.

ಸಿಆರ್‌ಪಿ ನಮಗೇನು ಹೊಸದಲ್ಲ, ಕೋವಿಡ್ ಟೈಮಲ್ಲಿ ಮನೆಮನೆಗೂ ಆ ಹೆಸರು ಗೊತ್ತಾಯ್ತು. ಆದ್ರೆ ಇಲ್ಲಿ ತೋಳಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸ್ತಾರೆ, ರಿಪೋರ್ಟ್ ಸಂಜೆಗೆ, ಅಷ್ಟರಲ್ಲಿ ಮೊದಲ್ನೇ ಮಾತ್ರೆ ಹೊಟ್ಟೇಲಿರುತ್ತೆ. ಮಾತ್ರೆ ಬರೆಯೋಕೆ ಮುಂಚೆ ನಂಬರ್ ಬಂದ್ರೇನೆ ಉಪಯೋಗ. ಇನ್ನೊಂದು ನಾನು ಕೌಂಟರಲ್ಲಿ ನಿಂತು ಕಂಡಿದ್ದು, ನಮ್ಮ ಜನ ಡಾಕ್ಟ್ರ ಬಾಯಿಮಾತು ನಂಬದಿದ್ರೂ ಮೆಷಿನ್ನಿನ ನಂಬರ್ ನಂಬ್ತಾರೆ. ಶುಗರ್ 300 ಅಂದ್ರೆ ಮುದ್ದೆ ಕಮ್ಮಿ ಮಾಡೋ ಗಂಡಸ್ರಿದ್ದಾರೆ! ನಿಮ್ಮ ಸಿಆರ್‌ಪಿ 8 ಇದೆ ಕಣಮ್ಮ, ಇನ್ಹೇಲರ್ ಸರಿಯಾಗಿ ಎಳ್ಕೊಳಿ ಸಾಕು ಅಂದ್ರೆ ಅವ್ವನೂ ಕೇಳ್ತಾಳೆ.

ನಂಬರ್ ಒಂದನ್ನೇ ನಂಬ್ಕೊಂಡು ಕೂರೋದೂ ತಪ್ಪು. ಸಿಆರ್‌ಪಿ ಏರೋಕೆ ಹಲವು ಗಂಟೆ ಬೇಕು, ಜ್ವರ ಬಂದ ತಕ್ಷಣ ನೋಡಿದ್ರೆ ಕಮ್ಮಿ ತೋರಿಸ್ಬೋದು. ಟಿಬಿ ಇದ್ರೂ ಏರುತ್ತೆ, ನಮ್ಮ ಕಡೆ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ತಪ್ಪಿಸೋ ಹಾಗೇ ಇಲ್ಲ. ಇನ್ನು ಲೆವೊಫ್ಲಾಕ್ಸಾಸಿನ್ ಸುಮ್ನೆ ನುಂಗಿದ್ರೆ ಟಿಬಿ ಸ್ವಲ್ಪ ದಿನ ಅಡಗಿ ಕೂತು ಪತ್ತೆ ಆಗೋದು ತಡ ಆಗುತ್ತೆ, ಇದು ನಮ್ಮ ಅಂಗಡಿಯೋರು ಎಷ್ಟು ಜನಕ್ಕೆ ಗೊತ್ತೋ.

ಕೇರಳದಲ್ಲಿ ಚೀಟಿ ಇಲ್ದೆ ಆಂಟಿಬಯೋಟಿಕ್ ಮಾರೋ ಅಂಗಡಿಗಳ ಮೇಲೆ 2024ರಲ್ಲಿ ದಾಳಿ ಶುರು ಮಾಡಿದ್ರು, ಇಲ್ಲೂ ಮಾಡ್ಲಿ, ನನ್ನನ್ನೂ ಹಿಡೀಲಿ. ಆದ್ರೆ ಅಂಗಡಿ ಬಾಗ್ಲು ಹಾಕಿದ್ರೆ ದಮ್ಮು ನಿಲ್ಲಲ್ವಲ್ಲ, ಆ ಮನುಷ್ಯ ಡಾಕ್ಟ್ರ ಹತ್ರ ಹೋದ್ರೂ ಅದೇ ಮಾತ್ರೆ ಚೀಟಿ ಸಮೇತ ವಾಪಸ್ ನನ್ನ ಹತ್ರ ಬರುತ್ತೆ. ಆರೋಗ್ಯ ಇಲಾಖೆಯೋರು ಮಂಡ್ಯ ಜಿಲ್ಲೆಯ ಒಂದೇ ಒಂದು ತಾಲ್ಲೂಕು ಆಸ್ಪತ್ರೆಲಿ, ಮಂಜಿನ ಮೂರು ತಿಂಗಳು ಮಾತ್ರ, ಈ ಮೆಷಿನ್ ಇಟ್ಟು ನೋಡ್ಲಿ. ಆಂಟಿಬಯೋಟಿಕ್ ಮಾರಾಟದಲ್ಲಿ ಹೋದ್ವರ್ಷಕ್ಕೂ ಈ ವರ್ಷಕ್ಕೂ ಎಷ್ಟು ವ್ಯತ್ಯಾಸ ಅನ್ನೋ ಲೆಕ್ಕ ಸುತ್ತಲ ಅಂಗಡಿಗಳಲ್ಲೇ ಸಿಗುತ್ತೆ, ನನ್ನ ಬಿಲ್ ಪುಸ್ತಕ ಬೇಕಂದ್ರೆ ನಾನೇ ತಂದ್ಕೊಡ್ತೀನಿ.

— ಒಬ್ಬ ಔಷಧಿ ಅಂಗಡಿಯವ, ಮಂಡ್ಯ ಜಿಲ್ಲೆ