ಗಿರಿನೆತ್ತಿಯ ಹುಲ್ಲುಗಾವಲಿನಲ್ಲಿ ಸಸಿ ನೆಡುವುದು ಬೇಡ

ಮಾನ್ಯ ಸಂಪಾದಕರೇ,

ಮುಂಗಾರು ಕಾಲಿಟ್ಟ ಕೂಡಲೇ ಗುಡ್ಡಗಳ ಮೇಲೆ ಸಸಿ ನೆಡುವ, ಬೀಜದುಂಡೆ ಎಸೆಯುವ ಕಾರ್ಯಕ್ರಮಗಳ ಸುದ್ದಿ ಪತ್ರಿಕೆಗಳನ್ನು ತುಂಬುತ್ತದೆ. ಮರ ಕಡಿದು ಬೋಳಾದ ಜಾಗದಲ್ಲಿ ಇದು ಸ್ವಾಗತಾರ್ಹವೇ. ಆದರೆ ಕುದುರೆಮುಖ, ಬಾಬಾಬುಡನ್‌ಗಿರಿ, ಬ್ರಹ್ಮಗಿರಿ ಶ್ರೇಣಿಗಳ ನೆತ್ತಿಯಲ್ಲಿರುವ ಹುಲ್ಲುಗಾವಲನ್ನೂ ಬೋಳು ಜಾಗವೆಂದೇ ಎಣಿಸಿ ಅಲ್ಲಿ ಗುಂಡಿ ತೋಡಲು ಯಾರೂ ಮುಂದಾಗಬಾರದೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಈ ಗಿರಿಗಳಲ್ಲಿ ಕಣಿವೆಯ ಮಡಿಕೆಗಳಿಗೆ ಶೋಲಾ ಎಂಬ ಕುಳ್ಳ ಮರಗಳ ನಿತ್ಯಹಸಿರು ಕಾಡು, ಗಾಳಿಗೆ ಒಡ್ಡಿಕೊಂಡ ಏರುಗಳಿಗೆ ಹುಲ್ಲು ಎಂಬ ಹಂಚಿಕೆ ಬಹಳ ಹಳೆಯದು. ನೀಲಗಿರಿಯ ಜೌಗುಗಳಲ್ಲಿ ಪದರಪದರವಾಗಿ ಕೂತ ಸಸ್ಯಾವಶೇಷಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲುಗಾವಲು ವ್ಯಾಪಕವಾಗಿತ್ತೆಂದು ತೋರಿಸಿದ್ದಾರೆ. ಇದಕ್ಕೆ ‘ಬಂಜರು’ ಎಂಬ ಹಣೆಪಟ್ಟಿ ಅಂಟಿದ್ದು ಬ್ರಿಟಿಷರ ಕಾಲದಲ್ಲಿ.

ತೆಮೆಡಾ, ಕ್ರೈಸೊಪೋಗಾನ್, ಅರುಂಡಿನೆಲ್ಲಾ ಮುಂತಾದ ಕುಲಗಳ ಈ ಹುಲ್ಲು ಗರಿಕೆಯಂತೆ ನೆಲದಗಲ ಹಬ್ಬದೆ, ಭತ್ತದಂತೆ ತೆಂಡೆಯೊಡೆದು ಗುತ್ತಿ ಗುತ್ತಿಯಾಗಿ ಬೆಳೆಯುತ್ತದೆ. ಒಂದು ಗುತ್ತಿಯನ್ನು ಕೈಯಿಂದ ಬಿಡಿಸಿ ನೋಡಿದರೆ ಸುತ್ತ ಒಣಗಿದ ಹಳೆಯ ಗರಿಗಳು, ನಡುವೆ ಹಸಿರು ತೆಂಡೆಗಳು, ನೆಲಕ್ಕೆ ತಾಗಿದಂತೆ ಅಡಗಿದ ಚಿಗುರಿನ ಕಣ್ಣುಗಳು ಕಾಣುತ್ತವೆ. ಕಾಟಿ, ಕಡವೆ ಮೇಯ್ದರೂ ಬೇಸಿಗೆಯ ಬೆಂಕಿ ಹಾಯ್ದರೂ ಹುಲ್ಲು ಮತ್ತೆ ಏಳುವುದು ಈ ಕಣ್ಣುಗಳಿಂದಲೇ (ವರ್ಷವೂ ಬೆಂಕಿ ಇಡಬಹುದೆಂದು ಇದರ ಅರ್ಥವಲ್ಲ). ತೆಮೆಡಾದ ಬೀಜಕ್ಕೆ ಕೂದಲಿನಂಥ ಉದ್ದನೆಯ ಬಾಲವಿದ್ದು, ತೇವ ಏರಿಳಿದಂತೆ ಅದು ತಿರುಚಿಕೊಳ್ಳುತ್ತ ಬೀಜವನ್ನು ಮಣ್ಣೊಳಗೆ ಇಳಿಸುತ್ತದೆ. ಇಂಥ ಬೀಜಕ್ಕೆ ನಮ್ಮ ಮಣ್ಣುಂಡೆಯ ಹಂಗೇಕೆ? ಗುತ್ತಿಗಳ ನಡುವಿನ ತೆರವಿನಲ್ಲಿ ನೆಲದ ಆರ್ಕಿಡ್‌ಗಳೂ ಹುಳ ಹಿಡಿಯುವ ಡ್ರೊಸೆರಾವೂ ಬೆಳೆಯುತ್ತವೆ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಅಗಲ ಬಾಲದ ಹುಲ್ಲುಹಕ್ಕಿ ಗೂಡು ಕಟ್ಟುವುದು ಇಂಥ ಹುಲ್ಲಿನಲ್ಲೇ. ನೆರಳು ಕವಿದರೆ ಇವೆಲ್ಲವೂ ನೆಲೆ ಕಳೆದುಕೊಳ್ಳುತ್ತವೆ.

ಇನ್ನು ನೀರಿನ ಮಾತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಕುದುರೆಮುಖದ ಸೀಮೆಯಲ್ಲಿ. ಅಲ್ಲಿ ಸುರಿಯುವ ಬಿರುಮಳೆಯ ಹೊಡೆತವನ್ನು ಹುಲ್ಲಿನ ಗರಿಗಳು ತಡೆದುಕೊಳ್ಳುತ್ತವೆ, ಒತ್ತಾದ ನಾರುಬೇರುಗಳು ಇಳಿಜಾರಿನ ಮಣ್ಣನ್ನು ಕೊಚ್ಚಿಹೋಗದಂತೆ ಹಿಡಿಯುತ್ತವೆ, ಇಂಗಿದ ನೀರು ಮಳೆ ನಿಂತ ಮೇಲೂ ಝರಿಗಳಿಗೆ ಒಸರುತ್ತದೆ. ಮರಗಳು ಹುಲ್ಲಿಗಿಂತ ಹೆಚ್ಚು ನೀರು ಹೀರುತ್ತವೆ. ನೀಲಗಿರಿಯ ಗ್ಲೆನ್‌ಮಾರ್ಗನ್‌ನಲ್ಲಿ ಹುಲ್ಲುಗಾವಲಿನ ಜಲಾನಯನವೊಂದರ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ನೀಲಗಿರಿ ಮರ ಬೆಳೆಸಿದಾಗ, ಮೊದಲ ಹತ್ತು ವರ್ಷಗಳಲ್ಲಿ ನೀರಿನ ಹರಿವು ಸರಾಸರಿ ಶೇ 16ರಷ್ಟು ತಗ್ಗಿದ್ದು ದಾಖಲಾಗಿದೆ.

ಆದ್ದರಿಂದ ಅರಣ್ಯ ಇಲಾಖೆಯು ಗಿರಿನೆತ್ತಿಯ ಹುಲ್ಲುಗಾವಲುಗಳನ್ನು ನೆಡುತೋಪಿನ ಯೋಜನೆಗಳಿಂದ ಸ್ಪಷ್ಟವಾಗಿ ಹೊರಗಿಡಬೇಕು. ಹುಲ್ಲಿನ ನಡುವೆ ಈಗಾಗಲೇ ತಲೆಯೆತ್ತಿರುವ ಅಕೇಶಿಯಾ ಸಸಿಗಳನ್ನು ಅವು ಬೀಜ ಉದುರಿಸುವ ಮೊದಲೇ ಕಿತ್ತರೆ ಖರ್ಚೂ ಕಡಿಮೆ, ಶ್ರಮವೂ ಕಡಿಮೆ. ಹುಲ್ಲು ಪೂರ್ತಿ ಅಳಿದ ಕಡೆಯೂ ಕೈಚೆಲ್ಲಬೇಕಿಲ್ಲ: ಕೇರಳದ ಪಳತ್ತೋಟ್ಟಂನಲ್ಲಿ ವಾಟಲ್ ಎಂಬ ಹೊರನಾಡಿನ ಅಕೇಶಿಯಾ ಮರಗಳಿದ್ದ ಜಾಗದಲ್ಲಿ ಸ್ಥಳೀಯರೇ ನರ್ಸರಿ ಮಾಡಿ ದೇಸಿ ಹುಲ್ಲನ್ನು ನೆಟ್ಟು ಬೆಳೆಸಿದ್ದಾರೆ. ನಮ್ಮ ಇಲಾಖೆಯ ನರ್ಸರಿಗಳಲ್ಲಿಯೂ ಸಸಿಗಳ ಪಕ್ಕ ಇಂಥ ಹುಲ್ಲಿಗೆ ಒಂದೆರಡು ಮಡಿಗಳನ್ನು ಮೀಸಲಿಡಲಿ.

– ಓದುಗ, ಚಿಕ್ಕಮಗಳೂರು